ಬರೇ "ಚಲೋ ಅದ" ಅಂದ್ರ ಸಾಲಂಗಿಲ್ಲ

ನಮ್ಮ ಕಡೆ ಹೆಣ್ಮಕ್ಕಳಿಗೆ ಬದನಿಕಾಯಿ ಪಲ್ಯಾ ಹೆಂಗಾಗೇದ ಅಂತ ಕೇಳ್ರಿ, ಹತ್ತು ನಿಮಿಷ ಹೇಳ್ತಾರ. ಉಪ್ಪು ಮುಂದಾಗೇದ, ಒಗ್ಗರಣಿ ಹೊತ್ತೇದ, ಗುರೆಳ್ಳು ಪುಡಿ ಇನ್ನೊಂದು ಚಮಚಾ ಬೇಕಾಗಿತ್ತು. ಅವರಿಗೇ ಒಂದು ಹಾಡು ಹೆಂಗದ ಅಂತ ಕೇಳ್ರಿ. "ಚಲೋ ಅದರೀ" ಅಂತಾರ, ಮುಗೀತು. ಸೀರಿ ಸೆರಗಿನ ಬಗ್ಗೆ, ಸೊಸಿ ಕೈ ಚಹಾದ ಬಗ್ಗೆ ನಮಗ ಅಭಿಪ್ರಾಯ ಅದ. ಹಾಡಿನ ಬಗ್ಗೆ ಮಾತಾಡೋದು ತಿಳಿದವರ ಕೆಲಸ ಅಂತ ಯಾರೋ ಹೇಳ್ಯಾರ, ನಾವೂ ಹೂಂ ಅಂದೇವಿ.

ಈ ಸಲ ಆಷಾಢದಾಗ ನಮ್ಮ ಓಣಿ ಐದಾರು ಮಂದಿ ಮಧ್ಯಾಹ್ನ ನಮ್ಮ ಪಡಸಾಲಿಯೊಳಗ ಕೂಡ್ತಿದ್ವಿ. ಶ್ರಾವಣಕ್ಕ ಗೆಜ್ಜಿವಸ್ತ್ರ, ಹೂಬತ್ತಿ ಆಗಬೇಕಲ್ಲ. ನಮ್ಮ ಅಕ್ಕನ ಮಗಳು ಬೆಂಗಳೂರಿನಿಂದ ಬಂದಿದ್ಲು. ಆಕಿದು ಒಂದು ಕರಾರು: "ಮೌಶಿ, ದಿನಾ ಒಬ್ಬರು ತಮಗ ಬೇಕಾದ ಆಲ್ಬಮ್ ಹಚ್ಚಬೇಕು. ಕೇಳಿದ ಮ್ಯಾಲೆ ಎಲ್ಲಾರೂ ಮಾತಾಡಬೇಕು. ಚಲೋ ಅದ ಅನ್ನಂಗಿಲ್ಲ. ಯಾಕ ಚಲೋ, ಅದು ಹೇಳಬೇಕು." ಮೊಬೈಲ್ ಒಂದು ಸ್ಟೀಲ್ ಡಬರಿಯೊಳಗ ಇಟ್ಲು, ದನಿ ದೊಡ್ಡದಾತು.

ಮೊದಲನೇ ಪಾಳಿ ನಂದು. 1990ರಾಗ ನಾಗಾಭರಣ ಅವರು ಮಾಡಿದ ಶಿಶುನಾಳ ಷರೀಫರ ಸಿನಿಮಾದ ಹಾಡು ಹಚ್ಚಿದೆ. ಸಂಗೀತ ಸಿ. ಅಶ್ವಥ್ ಅವರದು. ಶಿವಮೊಗ್ಗ ಸುಬ್ಬಣ್ಣನವರು ಹಾಡಿದ ಕೋಳಿ ಹಾಡು ಬಂದಾಗ ಬಾಜೂಮನಿ ವೈನಿ ಅಂದ್ರು, "ಇವರು ಒಗಟು ಹಾಕಿದಂಗ ಹಾಡ್ತಾರ ನೋಡ್ರಿ. ಒಂದೊಂದು ಅಕ್ಷರ ಬಿಡಿಸಿ ಕೈಯಾಗ ಕೊಡ್ತಾರ." ಖರೇನ. ಸಣ್ಣದು ದೊಡ್ಡದನ್ನ ನುಂಗ್ತಾ ಹೋಗಿ ಕಡೀಕ ಗುರುವಿನ ಪಾದಕ್ಕ ಬಂದು ನಿಲ್ಲೋ ಹಾಡದು. ಒಂದು ಮಾತು ತಪ್ಪಿದ್ರೂ ಲೆಕ್ಕಾ ತಪ್ಪಿಹೋಗ್ತದ.

ಮರುದಿನ ಅಕ್ಕನ ಮಗಳ ಪಾಳಿ. ಆಕಿ ಮೈಸೂರಿನ ರಘು ದೀಕ್ಷಿತರದು ಹಚ್ಚಿದ್ಲು. 2008ರಾಗ ಬಂದ ಮೊದಲನೇ ಆಲ್ಬಮ್ಮಿನ್ಯಾಗ ಮನಿ ಮಾಳಿಗಿ ಸೋರೋ ಹಾಡು ಅದ, 2013ರ "ಜಗ್ ಚಂಗಾ" ಒಳಗ ಅದ ಕೋಳಿ ಹಾಡು ಅದ. ಎರಡೂ ಷರೀಫರವು, ಆದ್ರ ಗಿಟಾರು, ಪಿಟೀಲು, ಡ್ರಮ್ಮು ಎಲ್ಲಾ ಕೂಡಿ ಬರ್ತಾವ. ವೈನಿ ಕೈಯಾಗಿನ ಅರಳಿ ಕೆಳಗ ಇಟ್ಟು, "ಇದು ಅಸಲ್ ಧಾಟಿ ಅಲ್ಲ" ಅಂದ್ರು.

ಅಸಲ್ ಯಾವುದು ಅಂತ ಸ್ವಲ್ಪ ಜಗಳಾನ ಆತು. ಷರೀಫರು ಹುಟ್ಟಿದ್ದು 1819ರಾಗ, ಶಿಗ್ಗಾಂವಿ ತಾಲೂಕಿನ ಶಿಶುನಾಳದಾಗ. ಹೋಗಿದ್ದು 1889ಕ್ಕ. ಗೌಹರ್ ಜಾನ್ ಗ್ರಾಮೊಫೋನ್ ತಟ್ಟಿಗೆ ಹಾಡಿದ್ದ 1902ರಾಗ. ಅಂದ್ರ ಷರೀಫರ ದನಿ ಯಾವ ತಟ್ಟಿಯೊಳಗೂ ಇಲ್ಲ. ಅವರ ಪದ ಉಳಿದಿದ್ದು ಭಜನಿ ಮ್ಯಾಳದವರ ಬಾಯಾಗ, ಊರಿಗೊಂದು ಧಾಟಿಯೊಳಗ. ನಾವು ಅಸಲ್ ಅನ್ನೋದು ನಾವು ಮೊದಲ ಕೇಳಿದ್ದಕ್ಕ. ಅಷ್ಟ.

ಎದುರುಮನಿ ಕಾಕು ಮಾತ್ರ ಎರಡೂ ದಿನ ಏನೂ ಅಂದಿರಲಿಲ್ಲ. ಎಪ್ಪತ್ತು ದಾಟ್ಯಾವ ಅವರಿಗೆ. ಏನ ಕೇಳಿದ್ರೂ "ಎಲ್ಲಾ ಚಲೋನ ಅವವಾ" ಅನ್ನೋರು. ಕಾಕಾ ಇದ್ದಾಗ ರೇಡಿಯೋದ ಗುಂಡಿ ಕಾಕಾನ ಕೈಯಾಗ, ಈಗ ಟಿವಿ ರಿಮೋಟು ಮಗನ ಕೈಯಾಗ. ಅಕ್ಕನ ಮಗಳು ಬಿಡಲಿಲ್ಲ. "ಅಜ್ಜಿ, ನೀವೂ ಹೇಳ್ರಿ."

ಕಾಕು ಬತ್ತಿ ಹೊಸಕೋತ ಸಾವಕಾಶ ಹೇಳಿದ್ರು. "ತಂಗಿ, ಹುಡುಗನ ದನಿ ಛಂದ ಅದ. ಆದ್ರ ಇಂವಾ ಸೋರೋ ಮನ್ಯಾಗ ಮಲಗಿದಂಗ ಕಾಣಂಗಿಲ್ಲ. ನಮ್ಮ ತೌರಮನಿ ಮಣ್ಣಿನ ಮಾಳಿಗಿ. ವರ್ಷಾ ಮ್ಯಾಲೆ ಸವಳ ಮಣ್ಣು ಹಾಕಬೇಕು, ಇಲ್ಲಂದ್ರ ಮಳಿಗಾಲ ಮುಗೀತು ಅನ್ನು. ರಾತ್ರಿ ಒಂದು ಹನಿ ಟಪ್ ಅಂತದ. ಆಮ್ಯಾಲೆ ಸುಮ್ಮನ. ಮುಂದಿಂದು ಎಲ್ಲಿ ಬೀಳ್ತದ, ಜ್ವಾಳದ ಚೀಲದ ಮ್ಯಾಲೋ ಕೂಸಿನ ಮ್ಯಾಲೋ ಅಂತ ಕತ್ತಲದಾಗ ಕಿವಿಗೊಟ್ಟು ಕೂಡಬೇಕು. ಆ ನಡುವಿನ ಸುಮ್ಮನ ಇರೋದು ಈ ಹಾಡಿನ್ಯಾಗ ಇಲ್ಲ. ಎಲ್ಲಾ ಕಡೆ ಏನರ ಬಾರಿಸ್ಯಾರ. ಅಶ್ವಥ್ ಅವರು ಹಾಡಿದ್ದು ಕೇಳಿದ್ರ ಸಿಟ್ಟು ಅದ. ಸಿಟ್ಟು ಬರೋದು ಮರುದಿನ ಮುಂಜಾನೆ. ರಾತ್ರಿ ಇರೋದು ಅಂಜಿಕಿ."

ನಾವು ಯಾರೂ ಬಾಯಿ ಬಿಡಲಿಲ್ಲ. ಅದು ಒಳಗಿನ ಮನಿ ಹಾಡು, ಅಜ್ಞಾನದ ಹಾಡು ಅಂತ ನಾವು ಓದಿಕೊಂಡೇವಿ. ಕಾಕು ಹೊರಗಿನ ಮಾಳಿಗಿಯಿಂದನ ಒಳಗ ಇಳಿದ್ರು.

ಅಕ್ಕನ ಮಗಳೂ ಸೋಲಲಿಲ್ಲ. "ಅಜ್ಜಿ, ನಾ ಹಾಸ್ಟೆಲ್ಲಿನ್ಯಾಗ ಇದ್ದಾಗ ನನ್ನ ಖೋಲಿಯೊಳಗ ಒಬ್ಬರಿಗೂ ಕನ್ನಡ ಬರ್ತಿರಲಿಲ್ಲ. ಈ ಹಾಡು ಹಚ್ಚಿದ್ರ ಎಲ್ಲಾರೂ ಕುಣೀತಿದ್ರು. ಅರ್ಥ ಕೇಳಿದ್ರು. ಮಾಳಿಗಿ ಹೆಂಗ ಇರ್ತದ ಅಂತ ನಾನ ಅವ್ವಗ ಫೋನ್ ಮಾಡಿ ಕೇಳ್ದೆ. ಬಾರಿಸದ ಹಾಡಾಗಿದ್ರ ಅದು ನನ್ನ ತನಕ ಬರ್ತಿರಲೇ ಇಲ್ಲ."

ಕಾಕು ಸ್ವಲ್ಪ ಹೊತ್ತು ಯೋಚನಿ ಮಾಡಿದ್ರು. "ಹೌದವಾ, ಅದೂ ಖರೇನ" ಅಂದ್ರು. ಆಮ್ಯಾಲೆ, "ಆದ್ರ ನನಗ ಸೇರಲಿಲ್ಲ" ಅಂದ್ರು. ಇಷ್ಟು ವರ್ಷದಾಗ "ನನಗ ಸೇರಲಿಲ್ಲ" ಅನ್ನೋದು ಅವರ ಬಾಯಾಗ ನಾ ಕೇಳಿದ್ದು ಅವತ್ತ ಮೊದಲು. ಪಲ್ಯಾ ಬಗ್ಗೆನೂ ಅಂದವರಲ್ಲ.

ಮುಂದಿನ ಪಾಳಿ ಕಾಕುಂದು. ಏನ ಹಚ್ಚೋದು ಅಂತ ರಾತ್ರಿಯೆಲ್ಲಾ ನಿದ್ದಿ ಬರಲಿಲ್ಲಂತ. "ಗಂಗೂಬಾಯಾರದು ಹಚ್ಚು, ರಾಗ ಯಾವುದರ ಇರಲಿ" ಅಂದ್ರು. ಧಾರವಾಡದಾಗ ಹುಟ್ಟಿ ಹುಬ್ಬಳ್ಳಿಯೊಳಗ ಬಾಳಿದ ಗಂಗೂಬಾಯಿ ಹಾನಗಲ್ಲರು. ಮೊದಲಿಗೆ ಅವರ ದನಿ ತೆಳುವಿತ್ತು, ಗಂಟಲಕ್ಕ ಚಿಕಿತ್ಸಾ ಆದ ಮ್ಯಾಲೆ ಗಡುಸಾತು. ಅದ ದನಿಯಿಂದನ ಅವರು ಕಿರಾನಾ ಘರಾಣೆಯ ದೊಡ್ಡ ಗಾಯಕಿ ಆದ್ರು. ಯಾಕ ಸೇರ್ತದ ಅಂತ ಕೇಳಿದ್ವಿ. "ಅವರು ಅವಸರ ಮಾಡಂಗಿಲ್ಲ. ಒಂದು ಸ್ವರದ ಮ್ಯಾಲೆ ನಿಂತ್ರ ಅದು ಹಣ್ಣಾಗೋತನಕ ಬಿಡಂಗಿಲ್ಲ. ಮತ್ತ ನನ್ನ ದನಿಯೂ ದಪ್ಪ. ಹಸಿಗೆ ಕೂಡಿಸಿದಾಗ ಹಾಡ್ಲಿಕ್ಕೆ ಹೋದ್ರ ನಗತಿದ್ರು" ಅಂದ್ರು.

ಅವತ್ತಿನಿಂದ ನಾನೂ ಹಾಡು ಕೇಳುವಾಗ ಮೂರು ನೋಡ್ತೀನಿ. ಮಾತು ತಿಳೀತದೋ ಇಲ್ಲೋ. ಸುಮ್ಮನಿರಬೇಕಾದಲ್ಲಿ ಸುಮ್ಮನ ಅದಾರೋ ಇಲ್ಲೋ. ಮರುದಿನ ರೊಟ್ಟಿ ಬಡಿಯುವಾಗ ತಾನಾಗಿ ನೆನಪಿಗೆ ಬರ್ತದೋ ಇಲ್ಲೋ. ಇಷ್ಟಕ್ಕ ರಾಗದ ಹೆಸರು ಗೊತ್ತಿರಬೇಕಂತ ಇಲ್ಲ.

ನೀವೂ ಈ ತಿಂಗಳು ಏನ ಕೇಳಿದ್ರಿ, ಬರೀರಿ. ಸೇರಿದ್ರೂ ಬರೀರಿ, ಸೇರದಿದ್ರೂ ಬರೀರಿ. ಯಾಕ ಅನ್ನೋದು ಬಿಡಬ್ಯಾಡ್ರಿ. ಕಾಕುಗ ಓದಿ ಹೇಳ್ತೀನಿ. ಅವರು ಈಗ ಎಲ್ಲಾದಕ್ಕೂ ಉತ್ತರ ಕೊಡ್ತಾರ.