ಏಳೂವರೆಯ ಭೇಟಿ

ಮೈಸೂರು, ನವೆಂಬರ್ 18, 2024, ಸೋಮವಾರ

ಒಪ್ಪಂದಕ್ಕೆ ಇವತ್ತು ಸಹಿ ಬಿತ್ತು. ಅಮೆರಿಕದ ಓಹಾಯೊ ರಾಜ್ಯದ ಕಂಪನಿ. ಮನೆಯಲ್ಲೇ ಇರುವ ವಯಸ್ಸಾದ ರೋಗಿಗಳ ಹತ್ತಿರ ನರ್ಸ್‌ಗಳನ್ನು ಕಳಿಸುವ ಏಜೆನ್ಸಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಯಾವ ನರ್ಸ್, ಯಾವ ಮನೆಗೆ, ಎಷ್ಟು ಗಂಟೆಗೆ ಹೋಗಬೇಕು ಎಂದು ಹೊಂದಿಸುವ ಭಾಗವನ್ನು ನಾವು ಹೊಸದಾಗಿ ಬರೆಯಬೇಕು. ನಾವು ಐದು ಜನ. ಗಂಟೆಗೆ 22 ಡಾಲರ್, ಇವತ್ತಿನ ಲೆಕ್ಕದಲ್ಲಿ ಸುಮಾರು 1,850 ರೂಪಾಯಿ.

ದರದ ಮೇಲೆ ಎರಡು ವಾರ ಎಳೆದಾಡಿದರು. ಕೆಲಸ ಏನು ಅನ್ನುವುದರ ಮೇಲೆ ಮಾತಾಡಿದ್ದು ನಲವತ್ತು ನಿಮಿಷ. ಉಳಿದದ್ದೆಲ್ಲ ಹನ್ನೊಂದು ಪುಟದ ಡಾಕ್ಯುಮೆಂಟಿನಲ್ಲಿದೆ ಎಂದರು.

1998ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ನಾನು ಮಾಡಿದ್ದೂ ಹೊರದೇಶದ ಕೆಲಸವೇ. ಕೋಬಾಲ್ ಪ್ರೋಗ್ರಾಂಗಳಲ್ಲಿ ಇಸವಿಗೆ ಎರಡೇ ಅಂಕಿ ಇಟ್ಟ ಜಾಗಗಳನ್ನು ಹುಡುಕಿ ನಾಲ್ಕು ಮಾಡುವುದು. 2000 ಬಂದಾಗ ಕಂಪ್ಯೂಟರು ಅದನ್ನು 1900 ಅಂದುಕೊಳ್ಳಬಾರದಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಉಪಗ್ರಹದ ಮೂಲಕ ಕೆಲಸ ಕಳಿಸಲು ಶುರುಮಾಡಿದಾಗಿನಿಂದ ಈ ನಾಡಿನ ಎಷ್ಟೋ ಮನೆಗಳ ಒಲೆ ಇಂಥ ಕೆಲಸದಿಂದ ಉರಿದಿದೆ. ನಮ್ಮ ಮನೆಯದೂ ಹಾಗೇ. ಆ ಋಣವನ್ನು ನಾನು ಮರೆಯುವವನಲ್ಲ. ದರ ಕಡಿಮೆ ಎಂಬ ದೂರೂ ನನಗಿಲ್ಲ. ಚಿಂತೆ ಆ ಹನ್ನೊಂದು ಪುಟದ್ದು. ರಾತ್ರಿ ಎರಡು ಸಲ ಓದಿದೆ. ನರ್ಸ್ ಎಂಬ ಪದ ಒಂದು ಕಡೆಯೂ ಇಲ್ಲ. ‘ಯೂಸರ್ ಟೈಪ್ 3’ ಎಂದಿದೆ.

ಡಿಸೆಂಬರ್ 4, ಬುಧವಾರ

ಸಂಜೆ ಏಳಕ್ಕೆ ಕಾಲ್. ಅವರಿಗೆ ಬೆಳಿಗ್ಗೆ ಎಂಟೂವರೆ. ಅರ್ಧ ಗಂಟೆಯ ಸಮಯ, ನಮ್ಮ ಪಟ್ಟಿಯಲ್ಲಿ ಹತ್ತೊಂಬತ್ತು ಪ್ರಶ್ನೆ. ಪಟ್ಟಿ ಮಾಡಿದ್ದು ಅರಸೀಕೆರೆ ಹುಡುಗಿ. ಸೇರಿ ಒಂದೂವರೆ ವರ್ಷವಾಗಿದೆ ಅಷ್ಟೆ, ಆದರೆ ತಂಡದಲ್ಲಿ ಅವಳಷ್ಟು ನಿಧಾನವಾಗಿ ಓದುವವರು ಇನ್ನೊಬ್ಬರಿಲ್ಲ. ಮೂರನೆಯ ಪ್ರಶ್ನೆಗೇ ಅಲ್ಲಿಯ ಮ್ಯಾನೇಜರ್ ದನಿ ಬದಲಾಯಿತು. “ಡಾಕ್ಯುಮೆಂಟಿನಲ್ಲಿ ಇರುವ ಹಾಗೆ ಮಾಡಿ” ಎಂದರು. ಆರಕ್ಕೆ ಉತ್ತರ ಸಿಕ್ಕಿತು. ಉಳಿದದ್ದನ್ನು ಮುಂದಿನ ವಾರ ಕೇಳೋಣ ಎಂದು ನಾನೇ ನಿಲ್ಲಿಸಿದೆ.

ಈ ಕೋಡನ್ನು ಮೊದಲು ಬರೆದವರ ಹತ್ತಿರ ಒಂದು ಸಲ ಮಾತಾಡಬಹುದೇ ಎಂದು ಕೇಳಿದ್ದೆ. “ಅವರು ಈಗ ಇಲ್ಲಿಲ್ಲ” ಎಂದರು. ಮತ್ತೆ ಕೇಳಲಿಲ್ಲ. ಅವರ ಕೆಲಸ ಹೋಗಿದೆ, ಆ ಜಾಗಕ್ಕೆ ನಾವು ಬಂದಿದ್ದೇವೆ. ಹಳೆಯ ಕೋಡ್ ನೋಡಿದರೆ ಒಳ್ಳೆಯ ಕೆಲಸಗಾರ ಎಂದು ಗೊತ್ತಾಗುತ್ತದೆ. ಸಾಲುಗಳ ಮಧ್ಯೆ ಅಲ್ಲಲ್ಲಿ ಅವರ ಹೆಸರಿನ ಎರಡು ಅಕ್ಷರ ಇದೆ.

ಇನ್ನೊಂದು ವಿಷಯ ಬರೆದಿಡಬೇಕು. ಕಾಲ್‌ನಲ್ಲಿ ನಮ್ಮ ಹುಡುಗರು ಎಲ್ಲದಕ್ಕೂ ‘ಎಸ್, ಎಸ್’ ಅನ್ನುತ್ತಾರೆ. ಮೈಕ್ ಆಫ್ ಮಾಡಿದ ಕೂಡಲೇ ನನ್ನ ಕಡೆ ತಿರುಗಿ “ಅವರು ಹೇಳಿದ್ದು ಏನು ಸರ್?” ಎಂದು ಕೇಳುತ್ತಾರೆ. ಇದು ದಡ್ಡತನವಲ್ಲ, ಭಯ. ಪ್ರಶ್ನೆ ಕೇಳಿದರೆ ಕೆಲಸ ಬರಲ್ಲ ಅಂದುಕೊಳ್ಳುತ್ತಾರೆ ಎಂಬ ಭಯ. ಇಪ್ಪತ್ತೈದು ವರ್ಷದ ಹಿಂದೆ ನಾನೂ ಹಾಗೇ ತಲೆಯಾಡಿಸಿದವನು. ಇವರಿಗೆ ಅದನ್ನು ಕಲಿಸಿದವರಲ್ಲಿ ನಾನೂ ಒಬ್ಬ.

ಫೆಬ್ರವರಿ 26, 2025, ಬುಧವಾರ, ಶಿವರಾತ್ರಿ

ಹೊಸ ಸಾಫ್ಟ್‌ವೇರ್ ಇವತ್ತು ಚಾಲೂ ಆಯಿತು. ಟೆಸ್ಟ್ ಎಲ್ಲ ಪಾಸು. ಜಾಗರಣೆ ಆಫೀಸಿನಲ್ಲೇ ಆಯಿತು. ಬೆಳಗಿನ ಜಾವ ಮನೆಗೆ ಬಂದಾಗ ಅಮ್ಮ ಎದ್ದೇ ಇದ್ದಳು.

ಮಾರ್ಚ್ 10, ಸೋಮವಾರ (ಬರೆಯುತ್ತಿರುವುದು ಮಂಗಳವಾರ ಬೆಳಗಿನ ಜಾವ)

ಸಂಜೆ ಐದು ನಲವತ್ತಕ್ಕೆ ಫೋನ್ ಬಂತು. ನರ್ಸ್‌ಗಳೆಲ್ಲ ಒಂದು ಗಂಟೆ ತಡವಾಗಿ ಹೋಗುತ್ತಿದ್ದಾರೆ.

ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ರಾತ್ರಿ ಎರಡಕ್ಕೆ ಗಡಿಯಾರವನ್ನು ಮೂರು ಮಾಡುತ್ತಾರೆ. ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ನಮಗೂ ಓಹಾಯೊಗೂ ಚಳಿಗಾಲದಲ್ಲಿ ಹತ್ತೂವರೆ ಗಂಟೆ ಅಂತರ, ಬೇಸಿಗೆಯಲ್ಲಿ ಒಂಬತ್ತೂವರೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಪ್ರತಿ ವರ್ಷ ಕಾಲ್ ಸಮಯ ಬದಲಾಗುವುದೇ ಇದರಿಂದ. ಆದರೆ ಡಾಕ್ಯುಮೆಂಟಿನಲ್ಲಿ ‘ಎಲ್ಲ ಸಮಯವೂ ಇಎಸ್‌ಟಿ’ ಎಂದಿತ್ತು. ಅಲ್ಲಿಯ ಜನ ವರ್ಷವಿಡೀ ಬಾಯಿಮಾತಿನಲ್ಲಿ ಇಎಸ್‌ಟಿ ಅನ್ನುತ್ತಾರೆ, ಕಂಪ್ಯೂಟರಿಗೆ ಮಾತ್ರ ಅದು ಚಳಿಗಾಲದ ಸಮಯ, ಗ್ರೀನ್‌ವಿಚ್‌ಗಿಂತ ಐದು ಗಂಟೆ ಹಿಂದೆ. ನಾವು ಅಕ್ಷರಶಃ ಹಾಗೇ ಬರೆದೆವು. ಅಲ್ಲಿಯ ಆಫೀಸಿನವರು ಬೆಳಿಗ್ಗೆ ಏಳೂವರೆ ಎಂದು ತುಂಬಿದ ಭೇಟಿ ಭಾನುವಾರದಿಂದ ನರ್ಸ್ ಫೋನಿನಲ್ಲಿ ಎಂಟೂವರೆ ಎಂದು ಕಾಣುತ್ತಿದೆ. ನಾವು ಕೆಲಸ ಶುರುಮಾಡಿದ್ದು ನವೆಂಬರ್ ಬದಲಾವಣೆ ಆದಮೇಲೆ. ಟೆಸ್ಟ್ ಮಾಡಿದ ತಾರೀಖುಗಳೆಲ್ಲ ಚಳಿಗಾಲದವು.

ಭಾನುವಾರವೇ ತಪ್ಪು ಶುರುವಾಗಿತ್ತು. ಯಾರೂ ದೂರಲಿಲ್ಲ ಏಕೆಂದರೆ ಆ ಒಂದು ದಿನ ಅಲ್ಲಿ ಎಲ್ಲರೂ ಗಡಿಯಾರ ತಪ್ಪುತ್ತಾರೆ. ನರ್ಸ್‌ಗಳು ತಪ್ಪು ತಮ್ಮದೇ ಅಂದುಕೊಂಡರಂತೆ.

ಕೋಡ್ ತಿದ್ದಲು ಇಪ್ಪತ್ತು ನಿಮಿಷ ಸಾಕಾಯಿತು. ಕಷ್ಟವಾದದ್ದು ಆಗಲೇ ತುಂಬಿಟ್ಟ ಭೇಟಿಗಳನ್ನು ಸರಿಮಾಡುವುದು. ಒಟ್ಟು 412. ಎಲ್ಲವನ್ನೂ ಒಂದು ಗಂಟೆ ಹಿಂದೆ ತಂದುಬಿಡೋಣ ಎಂದರೆ, ಅಲ್ಲಿಯ ಆಫೀಸಿನವರು ಬೆಳಿಗ್ಗೆಯಿಂದ ಕೆಲವನ್ನು ಕೈಯಿಂದಲೇ ತಿದ್ದಿದ್ದಾರೆ. ಅವನ್ನು ಮತ್ತೆ ಸರಿಸಿದರೆ ನರ್ಸ್ ಒಂದು ಗಂಟೆ ಮೊದಲೇ ಹೋಗಿ ಬಾಗಿಲು ತಟ್ಟುತ್ತಾರೆ. ಯಾರು ಯಾವಾಗ ತಿದ್ದಿದರು ಎಂಬ ಲಾಗ್ ತೆಗೆದು, ಇಬ್ಬರಿಬ್ಬರು ಕೂತು ಒಂದೊಂದಾಗಿ ಓದಿದೆವು. ಕೈಯಿಂದ ತಿದ್ದಿದವು 57 ಸಿಕ್ಕವು. ಅವನ್ನು ಬಿಟ್ಟು ಉಳಿದದ್ದನ್ನು ಸರಿಸಿ ಮುಗಿಸಿದಾಗ ರಾತ್ರಿ ಮೂರು ನಲವತ್ತು. ಅಲ್ಲಿ ಸಂಜೆ ಆರು ದಾಟಿತ್ತು. ನಾಳೆಯ ಭೇಟಿಗಳು ಸರಿಯಾಗಿವೆ.

ಆಮೇಲೆ ಹಳೆಯ ಕೋಡ್ ತೆರೆದು ನೋಡಿದೆ. ಕೆಲಸ ಕಳೆದುಕೊಂಡ ಆ ಮನುಷ್ಯ ಇಎಸ್‌ಟಿ ಎಂದು ಬರೆದೇ ಇರಲಿಲ್ಲ. ‘ಅಮೆರಿಕ/ನ್ಯೂಯಾರ್ಕ್’ ಎಂದು ವಲಯದ ಹೆಸರಿಟ್ಟಿದ್ದರು. ಹಾಗೆ ಬರೆದರೆ ಗಡಿಯಾರದ ಬದಲಾವಣೆಯನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಅವರಿಗೆ ಗೊತ್ತಿತ್ತು. ಡಾಕ್ಯುಮೆಂಟ್ ಬರೆದವರಿಗೆ ಗೊತ್ತಿರಲಿಲ್ಲ. ನಾವು ಡಾಕ್ಯುಮೆಂಟನ್ನು ನಂಬಿದೆವು.

ಅರಸೀಕೆರೆ ಹುಡುಗಿ ಡಿಸೆಂಬರ್ ಪಟ್ಟಿಯನ್ನು ತಂದು ಮೇಜಿನ ಮೇಲಿಟ್ಟಳು. ಒಂದು ಮಾತೂ ಆಡಲಿಲ್ಲ. ಹದಿನಾಲ್ಕನೆಯ ಪ್ರಶ್ನೆ: ಬೇಸಿಗೆಯಲ್ಲಿ ಗಡಿಯಾರ ಮುಂದೆ ಮಾಡಿದಾಗ ಇಎಸ್‌ಟಿ ಏನಾಗಬೇಕು?

ಮಾರ್ಚ್ 11, ಮಂಗಳವಾರ

ಎರಡು ಗಂಟೆ ಮಲಗಿದೆ. ಎದ್ದಾಗ ಅಮ್ಮನಿಗೆ ಇನ್ಸುಲಿನ್ ಕೊಡುವ ಹೊತ್ತಾಗಿತ್ತು. ತಿಂಡಿ ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದಳು. ದಿನವೂ ಕಾಯುತ್ತಾಳೆ. ಇವತ್ತು ಅವಳ ಮುಖ ನೋಡುವುದು ಕಷ್ಟವಾಯಿತು.

ನರ್ಸ್ ಒಬ್ಬರ ಹತ್ತಿರ ಮಾತಾಡಲೇಬೇಕು ಎಂದು ಹಟ ಹಿಡಿದೆ. ಮ್ಯಾನೇಜರಿಗೆ ಇಷ್ಟವಿರಲಿಲ್ಲ, ಆದರೂ ಸಂಜೆ ಆರೂವರೆಗೆ ಹದಿನೈದು ನಿಮಿಷ ಕೊಡಿಸಿದರು. ಹಿರಿಯ ಹೆಂಗಸು, ಇಪ್ಪತ್ತು ವರ್ಷದಿಂದ ಇದೇ ಕೆಲಸ. ಕಾರನ್ನು ರಸ್ತೆ ಬದಿ ನಿಲ್ಲಿಸಿಕೊಂಡು ಮಾತಾಡಿದರು. ಸೋಮವಾರ ಅವರ ಮೊದಲ ಮನೆ ಒಂಟಿಯಾಗಿರುವ ಅಜ್ಜಿಯದು. ಸಕ್ಕರೆ ಅಂಶ ನೋಡಿ ಇನ್ಸುಲಿನ್ ಕೊಟ್ಟ ಮೇಲೆ ಅಜ್ಜಿ ತಿಂಡಿ ತಿನ್ನಬೇಕು. ಇವರು ಹೋದಾಗ ಅಜ್ಜಿ ಕಿಟಕಿ ಹತ್ತಿರ ಕೋಟು ಹಾಕಿಕೊಂಡು ಕೂತಿದ್ದರಂತೆ, ಒಲೆಯ ಮೇಲಿನ ಗಂಜಿ ಗಟ್ಟಿಯಾಗಿತ್ತಂತೆ. ಅನಾಹುತವೇನೂ ಆಗಲಿಲ್ಲ.

ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ಈ ಸಾಫ್ಟ್‌ವೇರ್ ಮಾಡುವವರು ಯಾರು ಎಂದು ತಮಗೆ ಗೊತ್ತೇ ಇರಲಿಲ್ಲ ಎಂದರು. ಹಳ್ಳಿ ಕಡೆ ಇಂಟರ್ನೆಟ್ ಸಿಗುವುದಿಲ್ಲ, ಅದಕ್ಕೇ ಬೆಳಿಗ್ಗೆ ಮನೆ ಬಿಡುವ ಮೊದಲೇ ದಿನದ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ, ಆಮೇಲೆ ನೀವು ಫೋನಿನಲ್ಲಿ ಏನು ಬದಲಾಯಿಸಿದರೂ ನನಗೆ ಕಾಣುವುದಿಲ್ಲ ಎಂದರು. ನಾಲ್ಕು ತಿಂಗಳಿಂದ ಕೆಲಸ ಮಾಡುತ್ತಿದ್ದೇವೆ, ಆ ಕಾಗದದ ಸುದ್ದಿ ಇವತ್ತು ಗೊತ್ತಾಯಿತು. ಬದಲಾದ ಭೇಟಿಗಳನ್ನು ಎಸ್‌ಎಂಎಸ್ ಮಾಡುವ ವ್ಯವಸ್ಥೆ ನಾಳೆಯಿಂದಲೇ ಶುರು.

ಮಾರ್ಚ್ 14, ಶುಕ್ರವಾರ

ಅಲ್ಲಿಂದ ಮೇಲ್. ಮೇಲಿನ ಸಾಲಿನಲ್ಲೇ ‘ಆಫ್‌ಶೋರ್ ತಂಡದ ತಪ್ಪು’ ಎಂದಿದೆ. ತಿದ್ದಿದ ಗಂಟೆಗಳಿಗೆ ಹಣ ಇಲ್ಲವಂತೆ.

ಹಣ ಬೇಡ ಎಂದು ಬರೆದೆ. ತಪ್ಪಿನಲ್ಲಿ ನಮ್ಮ ಪಾಲು ಇದೆ, ಅದೂ ನನ್ನದೇ. ಪ್ರಶ್ನೆ ನಮ್ಮ ಕೈಯಲ್ಲಿತ್ತು, ಕೇಳದೆ ಬಿಟ್ಟೆ. ಆದರೆ ಮಿಕ್ಕದ್ದನ್ನೂ ಬರೆದೆ. ಕೆಲಸವನ್ನು ಎಂಟು ಸಾವಿರಕ್ಕೂ ಹೆಚ್ಚು ಮೈಲಿ ಆಚೆ ಕಳಿಸಿದ್ದು ತಪ್ಪಲ್ಲ, ಆ ಕೆಲಸ ಯಾರಿಗಾಗಿ ಎಂಬುದನ್ನು ಜೊತೆಗೆ ಕಳಿಸದೆ ಇದ್ದದ್ದು ತಪ್ಪು. ಗೊತ್ತಿದ್ದ ಒಬ್ಬರನ್ನು ಮನೆಗೆ ಕಳಿಸಿ, ಅವರಿಗೆ ಗೊತ್ತಿದ್ದದ್ದನ್ನು ಬರೆದಿಟ್ಟುಕೊಳ್ಳಲಿಲ್ಲ. ನರ್ಸ್ ಎಂದು ಬರೆಯುವ ಕಡೆ ಯೂಸರ್ ಟೈಪ್ 3 ಎಂದು ಬರೆದರೆ ನಮ್ಮ ಹುಡುಗರು ಬರೆಯುವುದೂ ಟೈಪ್ 3ಕ್ಕೇ. ಇದು ಮೈಸೂರಿನಲ್ಲೂ ಹಾಗೇ, ಓಹಾಯೊದಲ್ಲೂ ಹಾಗೇ. ಅಗ್ಗದ ಗಂಟೆ ಕೊಂಡರೆ ಮಾತಾಡುವ ಗಂಟೆಯನ್ನೂ ಕೊಳ್ಳಬೇಕು.

ಕಳಿಸುವ ಮುಂಚೆ ಮೂರು ಸಲ ಓದಿದೆ. ಒಪ್ಪಂದ ಹೋದರೆ ಐದು ಮನೆಯ ಪ್ರಶ್ನೆ. ಆದರೂ ಕಳಿಸಿದೆ.

ಮಾರ್ಚ್ 30, ಭಾನುವಾರ, ಯುಗಾದಿ

ಬೆಳಿಗ್ಗೆ ಬೇವು ಬೆಲ್ಲ. ಮಧ್ಯಾಹ್ನ ಲೆಕ್ಕಪತ್ರ. ನಾಳೆಗೆ ಹಣಕಾಸು ವರ್ಷ ಮುಗಿಯುತ್ತದೆ. ಫೆಬ್ರವರಿ ತಿಂಗಳ ಡಾಲರ್ ಬಂದಿದೆ. ಜಿಎಸ್‌ಟಿ ಕಟ್ಟದೆ ಸೇವೆ ರಫ್ತು ಮಾಡಲು ಬೇಕಾದ ಮುಚ್ಚಳಿಕೆ ಪತ್ರವನ್ನು (ಎಲ್‌ಯುಟಿ) ಹೊಸ ವರ್ಷಕ್ಕೆ ಸಲ್ಲಿಸಿ ಆಯಿತು.

ಒಪ್ಪಂದ ಹೋಗಲಿಲ್ಲ. ಮುಂದಿನ ಆರು ತಿಂಗಳ ಕರಡಿನಲ್ಲಿ ಎರಡು ಸಾಲು ಸೇರಿಸಿ ಎಂದು ಕೇಳಿದ್ದೆ. ಹಳೆಯ ಪ್ರೋಗ್ರಾಮರ್‌ಗೆ ಹಣ ಕೊಟ್ಟು ನಾಲ್ಕು ದಿನ ಕರೆಸಿ ಎಂಬುದು ಒಂದು. ಅದಕ್ಕೆ ಒಪ್ಪಲಿಲ್ಲ. ಒಪ್ಪಬೇಕಿತ್ತು, ಮತ್ತೆ ಕೇಳುತ್ತೇನೆ. ಇನ್ನೊಂದು, ವಾರಕ್ಕೆ ಎರಡು ಗಂಟೆ ನರ್ಸ್‌ಗಳ ಜೊತೆ ನೇರ ಮಾತು. ಅದಕ್ಕೆ ಒಂದು ಗಂಟೆ ಕೊಟ್ಟಿದ್ದಾರೆ.

ಮೊದಲ ಮಾತು ಏಪ್ರಿಲ್ 2, ಬುಧವಾರ, ನಮ್ಮ ಸಂಜೆ ಆರೂವರೆಗೆ. ಪ್ರಶ್ನೆಗಳ ಪಟ್ಟಿ ಬರೆದವಳು ಅರಸೀಕೆರೆ ಹುಡುಗಿ. ಈ ಸಲ ಅವಳೇ ಕೇಳುತ್ತಾಳೆ.