ಶನಿವಾರಕ್ಕೆ ಒಂದು ಹಾಳೆ

ಟೇಬಲ್ಲಿನ ಸುತ್ತ ಕೂತು ಆಡುವ ರೋಲ್-ಪ್ಲೇಯಿಂಗ್ ಆಟದಲ್ಲಿ ಎಲ್ಲರಿಗೂ ಒಂದೊಂದು ಪಾತ್ರ ಸಿಕ್ಕರೆ ಒಬ್ಬರ ಪಾಲಿಗೆ ಮಾತ್ರ ಇಡೀ ಲೋಕವೇ ಬರುತ್ತದೆ. ಇಲ್ಲೊಬ್ಬಳು ಕಳ್ಳಿ, ಪಕ್ಕದಲ್ಲೊಬ್ಬ ಮಂತ್ರವಾದಿ, ಆ ತುದಿಯಲ್ಲಿ ಕತ್ತಿ ಹಿಡಿದವನು. ಅವರಿಗೆ ದಾರಿಯಲ್ಲಿ ಎದುರಾಗುವ ಸುಂಕದವನು, ಛತ್ರದ ಅಜ್ಜಿ, ಗುಹೆಯೊಳಗಿನ ರಾಕ್ಷಸ, ಗುಹೆಯ ಹೊರಗೆ ಸುರಿಯುವ ಮಳೆ ಎಲ್ಲವೂ ಆ ಒಬ್ಬರ ಬಾಯಿಂದಲೇ ಹೊರಡಬೇಕು. ಅವರನ್ನು ಗೇಮ್ ಮಾಸ್ಟರ್ ಅನ್ನುತ್ತಾರೆ. ಬೆಂಗಳೂರಿನ ನಮ್ಮ ಗುಂಪು ಶನಿವಾರ ಸಂಜೆ ಸೇರಿದಾಗ ಆ ಕುರ್ಚಿ ನನ್ನದು. ವಾರದಲ್ಲಿ ನನಗೆ ಅದಕ್ಕಿಂತ ಪ್ರಿಯವಾದ ಜಾಗ ಇನ್ನೊಂದಿಲ್ಲ. ಆದ್ದರಿಂದಲೇ ಅದರ ತಯಾರಿಗೆ ಎಷ್ಟು ಹೊತ್ತು ಕೊಡಬೇಕು ಎಂಬುದನ್ನು ನಾನು ಸಣ್ಣ ವಿಷಯವೆಂದು ಎಣಿಸುವುದಿಲ್ಲ. ನಾನು ಕಂಡ ಮಟ್ಟಿಗೆ ಆಡಿ ಬೇಸತ್ತವರಿಗಿಂತ ಆಡಿಸಲು ತಯಾರಾಗಿ ತಯಾರಾಗಿ ದಣಿದವರೇ ಹೆಚ್ಚು. ಮಾಸ್ಟರ್ ದಣಿದು ಎದ್ದರೆ ಉಳಿದವರಿಗೂ ಆಟವಿಲ್ಲ.

ಈ ದಣಿವಿನ ಬೇರು ಆಟದ ಹುಟ್ಟಿನಲ್ಲೇ ಇದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರತಂದಾಗ ಅದು ಮೂರು ತೆಳ್ಳನೆಯ ಪುಸ್ತಕಗಳ ಒಂದು ಪೆಟ್ಟಿಗೆ. ಅವುಗಳಲ್ಲಿ ಮೊದಲನೆಯ ಪುಸ್ತಕ ಆಡಿಸುವವರಿಗೆ ಮೊದಲ ಕೆಲಸವಾಗಿ ಹೇಳುವುದೇನು ಗೊತ್ತೆ? ಪಾತಾಳದ ಕನಿಷ್ಠ ಅರ್ಧ ಡಜನ್ ಅಂತಸ್ತುಗಳ ನಕ್ಷೆ ಬರೆಯಿರಿ, ಅವುಗಳಲ್ಲಿ ರಾಕ್ಷಸರನ್ನು ತುಂಬಿ, ನಿಧಿ ಹಂಚಿ, ಆಮೇಲೆ ಆಟಕ್ಕೆ ಕೂರಿ. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಕಾಲಕ್ಕೆ ಅದು ನಷ್ಟದ ಕೆಲಸವಾಗಿರಲಿಲ್ಲ. ಪಾತಾಳಕ್ಕೆ ಗೋಡೆಗಳಿವೆ. ಆಟಗಾರರು ಎಡಕ್ಕೆ ಹೋಗಲಿ, ಬಲಕ್ಕೆ ಹೋಗಲಿ, ನೀವು ಬರೆದ ಕೋಣೆಗೇ ಬರುತ್ತಾರೆ. ಇವತ್ತು ತಪ್ಪಿದ ಕೋಣೆ ಮುಂದಿನ ವಾರ ಸಿಗುತ್ತದೆ.

ತೊಂದರೆ ಶುರುವಾದದ್ದು ಆಟಗಾರರು ಮೇಲೆ ಬಂದು ಊರು, ಕಾಡು, ಅರಮನೆಗಳಲ್ಲಿ ತಿರುಗತೊಡಗಿದಾಗ. ಅಲ್ಲಿ ಗೋಡೆ ಇಲ್ಲ. ಗೋಡೆಯ ಜಾಗಕ್ಕೆ ಮಾಸ್ಟರ್‌ಗಳು ಕಥೆಯನ್ನು ತಂದಿಟ್ಟರು: ಇವರು ಮೊದಲು ಮಂತ್ರಿಯನ್ನು ಕಾಣುತ್ತಾರೆ, ಮಂತ್ರಿ ಕಾಗದ ಕೊಡುತ್ತಾನೆ, ಕಾಗದ ಹಿಡಿದು ಮಠಕ್ಕೆ ಹೋಗುತ್ತಾರೆ. ನಮ್ಮ ಕಳ್ಳಿ ಮಂತ್ರಿಯ ಜೇಬನ್ನೇ ಕತ್ತರಿಸಿದರೆ ಮಠದ ಎಂಟು ಪುಟ ಹೋಯಿತು. ಆಟಗಾರರದು ಅಲ್ಲಿ ಏನೂ ತಪ್ಪಿಲ್ಲ. ಹಾಗೆ ಮಾಡಲೆಂದೇ ಅವರು ಬಂದಿರುವುದು.

ಅಂಗಡಿಯಲ್ಲಿ ಸಿದ್ಧ ಕಥೆಗಳು ಸಿಗುತ್ತವಲ್ಲ ಎನ್ನಬಹುದು. ಸಿಗುತ್ತವೆ, ಕೆಲವು ಬಹಳ ಚೆನ್ನಾಗಿವೆ. 2016ರಲ್ಲಿ ಬಂದ 'ಕರ್ಸ್ ಆಫ್ ಸ್ಟ್ರಾಡ್' 256 ಪುಟದ ಪುಸ್ತಕ. ಬರೆಯುವ ಹೊತ್ತು ಉಳಿಯಿತು, ಸರಿ. ಅಷ್ಟನ್ನೂ ಓದಿ, ಯಾರು ಯಾರಿಗೆ ಏನಾಗಬೇಕು ಎಂದು ನೆನಪಿಟ್ಟುಕೊಂಡು ಕೂರುವ ಹೊತ್ತು ಅದಕ್ಕಿಂತ ಕಡಿಮೆಯಾಗಲಿಲ್ಲ. ಪಟ್ಟಿ ನೋಡಿ ದಾಳ ಉರುಳಿಸುವ ದಾರಿಯೂ ಹಳೆಯದು. 1979ರ 'ಡಂಜನ್ ಮಾಸ್ಟರ್ಸ್ ಗೈಡ್' ಪುಸ್ತಕದ ಕೊನೆಯಲ್ಲಿ ದಾಳದಿಂದಲೇ ಇಡೀ ಪಾತಾಳವನ್ನು ಕಟ್ಟುವ ಪಟ್ಟಿಗಳಿವೆ. ನನಗೆ ಅವು ಇಷ್ಟ. ಆದರೆ ಕೋಣೆಯಲ್ಲಿ ಏನಿದೆ ಎಂದು ದಾಳ ಹೇಳಬಲ್ಲದು, ಯಾಕಿದೆ ಎಂದು ಹೇಳಲಾರದು.

ಆ 'ಯಾಕೆ'ಗೇ ನನ್ನ ಹೊತ್ತೆಲ್ಲ ಮೀಸಲು. 2010ರಲ್ಲಿ ವಿನ್ಸೆಂಟ್ ಬೇಕರ್ ಮತ್ತು ಮೆಗ್ವೆ ಬೇಕರ್ ದಂಪತಿ 'ಅಪೋಕಲಿಪ್ಸ್ ವರ್ಲ್ಡ್' ಎಂಬ ಆಟ ಬರೆದರು. ಕಥೆಯನ್ನು ಮೊದಲೇ ಹೂಡಬೇಡಿ, ಏನಾಗುತ್ತದೆಂದು ಆಡಿಯೇ ತಿಳಿಯಿರಿ ಎಂದು ಅದು ಮಾಸ್ಟರ್‌ಗೆ ನಿಯಮದಂತೆಯೇ ಹೇಳುತ್ತದೆ. ಕಥೆಯ ಬದಲು ಅಪಾಯಗಳನ್ನು ಬರೆದಿಡಬೇಕು: ಯಾರಿಗೆ ಏನು ಬೇಕಾಗಿದೆ, ಯಾರೂ ತಡೆಯದಿದ್ದರೆ ಮೊದಲು ಏನಾಗುತ್ತದೆ, ಆಮೇಲೇನು, ಕೊನೆಗೇನು. ಇದನ್ನು ಬರೆಯಲು ಅರ್ಧ ಪುಟ ಸಾಕು. ಆಟಗಾರರು ಎತ್ತ ಹೋದರೂ ಅದು ಹಾಳಾಗುವುದಿಲ್ಲ, ಏಕೆಂದರೆ ಅದು ಅವರ ದಾರಿಯ ಬಗ್ಗೆ ಏನೂ ಹೇಳಿಯೇ ಇಲ್ಲ.

ಇಂಥ ಅರ್ಧ ಪುಟಗಳು ನಮ್ಮ ಶಾಸನಗಳಲ್ಲಿ ಬರೆದೇ ಇವೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದಾಗಲೆಲ್ಲ ನಾನು ಮಂಡ್ಯ ಜಿಲ್ಲೆಯ ಆತಕೂರಿನಿಂದ ಬಂದ ಕಲ್ಲಿನ ಮುಂದೆ ನಿಲ್ಲುತ್ತೇನೆ. ಕ್ರಿ.ಶ. 949ರ ಸುಮಾರಿನದು. ಚೋಳರ ಮೇಲಿನ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನನ್ನು ಗಂಗರ ದೊರೆ ಬೂತುಗ ಏನು ಬೇಕೆಂದು ಕೇಳುತ್ತಾನೆ. ಮಣಲೇರ ಬೇಡಿದ್ದು ದೊರೆಯ ಬೇಟೆನಾಯಿ ಕಾಳಿಯನ್ನು. ಆ ನಾಯಿ ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು, ಕಾದಾಡಿ, ಎರಡೂ ಸತ್ತವು. ಮಣಲೇರ ನಾಯಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟ. ಆ ಭೂಮಿ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ! ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಎದುರುಬದುರಾಗಿ ಕಾದಾಡುತ್ತಿವೆ. ಓದಿದ ಕ್ಷಣವೇ ಆಡಿಸಬೇಕೆನ್ನಿಸುತ್ತದೆ.

ಈಗ ನಮ್ಮ ಟೇಬಲ್ಲಿನ ಮೇಲಿರುವುದು ಅದೇ. ನೂರು ವರ್ಷದ ನಂತರದ ಒಂದು ಕಾಲ್ಪನಿಕ ಊರು, ನಾಯಿಯ ಕಲ್ಲು, ಅದಕ್ಕೆ ಬಿಟ್ಟ ಗದ್ದೆ. ಹೊಸ ಒಡೆಯನಿಗೆ ಗದ್ದೆ ಬೇಕು. ಗೊರವನಿಗೆ ಮಾನ ಉಳಿಯಬೇಕು. ಯಾರೂ ತಡೆಯದಿದ್ದರೆ ಅಮಾವಾಸ್ಯೆಗೆ ಕಲ್ಲು ಕೀಳುತ್ತಾರೆ. ಇಷ್ಟು ನನ್ನ ಹಾಳೆಯ ಮೇಲಿನ ಅರ್ಧಕ್ಕೆ. ಕೆಳಗಿನ ಅರ್ಧದಲ್ಲಿ ಹತ್ತು ಗುಟ್ಟು. ಈ ಉಪಾಯ ಮೈಕೆಲ್ ಶೇ 2018ರಲ್ಲಿ ಪ್ರಕಟಿಸಿದ 'ರಿಟರ್ನ್ ಆಫ್ ದಿ ಲೇಜಿ ಡಂಜನ್ ಮಾಸ್ಟರ್' ಪುಸ್ತಕದ್ದು. ಈ ವಿಷಯದಲ್ಲಿ ನಾನು ಓದಿದ್ದರಲ್ಲಿ ಇದಕ್ಕಿಂತ ಉಪಕಾರಿಯಾದದ್ದಿಲ್ಲ. ಒಂದೊಂದು ಗುಟ್ಟು ಒಂದೇ ಸಾಲು, ಮತ್ತು ಅದು ಎಲ್ಲಿ ಯಾರಿಂದ ಗೊತ್ತಾಗುತ್ತದೆ ಎಂದು ಬರೆಯಕೂಡದು. 'ಗೊರವ ಮೂರು ವರ್ಷದಿಂದ ಪೂಜಿಸದೆ ಉಣ್ಣುತ್ತಿದ್ದಾನೆ' ಎಂಬುದು ನನ್ನ ಹಾಳೆಯ ಮೊದಲ ಗುಟ್ಟು. ಆಟಗಾರರು ಗೊರವನ ಮನೆಗೆ ಕಾಲಿಡಲೇ ಇಲ್ಲ. ಕಳ್ಳಿ ಹೊಳೆಯ ಹತ್ತಿರ ಬಟ್ಟೆ ಒಗೆಯುವವಳೊಂದಿಗೆ ಹರಟೆಗೆ ಕೂತಳು, ಗುಟ್ಟು ಅವಳ ಬಾಯಿಂದ ಬಂತು. ಅವಳು ಹೇಳಿದ್ದರಿಂದ ಅದಕ್ಕೆ ಬಂದ ಬಿಸಿ ಗೊರವನ ತಪ್ಪೊಪ್ಪಿಗೆಗೆ ಬರುತ್ತಿರಲಿಲ್ಲ. ಉಳಿದ ಗುಟ್ಟುಗಳನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಬಹುದು, ಇಲ್ಲವೇ ಬಿಸಾಡಬಹುದು. ಒಂದು ಸಾಲು ಹೋದರೆ ಯಾರಿಗೂ ನೋವಿಲ್ಲ.

ಹಾಳೆಯ ಅಂಚಿನಲ್ಲಿ ಒಂದಷ್ಟು ಹೆಸರುಗಳಿರಲೇಬೇಕು. ಮಾತು, ಮುಖ, ಮನೆ ಎಲ್ಲ ಆ ಕ್ಷಣಕ್ಕೆ ಹುಟ್ಟುತ್ತವೆ, ಹೆಸರು ಹುಟ್ಟುವುದಿಲ್ಲ. 'ನಿನ್ನ ಹೆಸರೇನಮ್ಮ?' ಎಂದು ಕೇಳಿದಾಗ ಮಾಸ್ಟರ್ ತಡವರಿಸಿದರೆ ಆ ಹೆಂಗಸು ಅಲ್ಲೇ ಮಸುಕಾಗುತ್ತಾಳೆ. ಇದಕ್ಕೂ ಶಾಸನಗಳೇ ಆಸರೆ.

ಟೇಬಲ್ಲಿನ ಮೇಲೆ ಆಟಗಾರರು ಸುರಿಯುವ ತಯಾರಿಯ ಹೊತ್ತಿನ ಬಗ್ಗೆಯೂ ಒಂದು ಮಾತು. ಕೋಟೆಗೆ ನುಗ್ಗುವ ಮುನ್ನ ಗಂಟೆಗಟ್ಟಲೆ ಸಂಚು ಹೂಡುತ್ತಾರಲ್ಲ, ಅದನ್ನು ಜಾನ್ ಹಾರ್ಪರ್ 'ಬ್ಲೇಡ್ಸ್ ಇನ್ ದಿ ಡಾರ್ಕ್' (2017) ಆಟದಲ್ಲಿ ಕತ್ತರಿಸಿಯೇ ಹಾಕಿದರು. ಯಾವ ಬಗೆಯ ಸಂಚು ಎಂದು ಹೇಳಿ, ಒಂದು ವಿವರ ಕೊಡಿ, ದಾಳ ಹಾಕಿ. ಆಗಲೇ ಗೋಡೆ ಹತ್ತುತ್ತಿದ್ದೀರಿ. ಕಾವಲುಗಾರ ಅಡ್ಡ ಬಂದರೆ 'ಇವನಿಗೆ ನಿನ್ನೆಯೇ ದುಡ್ಡು ಕೊಟ್ಟಿದ್ದೆ' ಎಂದು ಹಿಂದಕ್ಕೆ ಹೋಗಿ ಆ ದೃಶ್ಯವನ್ನು ಆಡಿ ಬರಬಹುದು. ನಾನು ಇದನ್ನು ಎಲ್ಲ ಆಟಗಳಿಗೂ ಎರವಲು ತರುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಉಳಿಸುವುದು ಮಾತ್ರ ಆಟ ಮುಗಿದು ಚೀಲ ಎತ್ತಿಕೊಳ್ಳುವ ಮೊದಲು ಕೇಳುವ ಪ್ರಶ್ನೆ: ಮುಂದಿನ ವಾರ ಎಲ್ಲಿಗೆ? ಹೋದ ಶನಿವಾರ ಮಂತ್ರವಾದಿ ಒಡೆಯನ ಬಳಿಗೆ ಅಂದ, ಕತ್ತಿಯವನು ಗೊರವನ ಬಳಿಗೆ ಅಂದ. ಕಳ್ಳಿ ತಲೆಯಾಡಿಸಿ, ಆ ಹಂದಿಯ ಸಂತತಿ ಕಾಡಿನಲ್ಲಿ ಇನ್ನೂ ಇರಬೇಕಲ್ಲ, ಅದನ್ನು ಹುಡುಕೋಣ ಅಂದಳು. ಮಿಕ್ಕವರು ಒಪ್ಪಿದರು. ಹಾಗಾಗಿ ಈ ವಾರ ನನಗೆ ಬೇಕಾದದ್ದು ಕಾಡಿನಲ್ಲಿ ಬದುಕುವ ಇಬ್ಬರು, ಒಬ್ಬೊಬ್ಬರಿಗೂ ಒಂದೊಂದು ಆಸೆ, ಹತ್ತು ಗುಟ್ಟು. ಹಂದಿಯ ಬಲಾಬಲದ ಲೆಕ್ಕ ಆಟದ ರಾಕ್ಷಸರ, ಪ್ರಾಣಿಗಳ ಪುಸ್ತಕವಾದ 'ಮಾನ್‌ಸ್ಟರ್ ಮ್ಯಾನ್ಯುಅಲ್'ನಲ್ಲಿ ಇದ್ದೇ ಇದೆ.