ಅಂಗಳದಲ್ಲಿ ಎರಡು ದಿನ

ಹಿಂಡಲಗಾ ಎಂದೊಡನೆ ಹೊರಗಿನವರಿಗೆ ಮೊದಲು ನೆನಪಾಗುವುದು ಅಲ್ಲಿಯ ಕಾರಾಗೃಹ. ನಮ್ಮ ವಿಳಾಸ ಕೇಳಿದವರು ಒಂದು ಕ್ಷಣ ಸುಮ್ಮನಾಗುವುದನ್ನು ಬಹುಕಾಲದಿಂದ ಕಂಡಿದ್ದೇವೆ. ಆ ಊರಿನ ನಮ್ಮ ಮನೆಯಂಗಳದಲ್ಲಿ ಕಳೆದ ಮಾಘಮಾಸದಲ್ಲಿ ಎರಡು ದಿನ ನಾವು ಕಾರಿನ ಅಡಿಯಲ್ಲಿ ಮಲಗಿದ್ದೆವೆಂದರೆ, ನಮ್ಮನ್ನು ಪ್ರವಚನದ ವೇದಿಕೆಯಲ್ಲಿ ಮಾತ್ರ ಬಲ್ಲ ಓದುಗರು ನಗಬಹುದು. ನಗಲಿ.

ಕಾರು ಮಾರುತಿ 800. 1983ರಲ್ಲಿ ಬೀದಿಗಿಳಿದು 2014ರಲ್ಲಿ ತಯಾರಿಕೆ ನಿಂತುಹೋದ ಗಾಡಿ. ನಮ್ಮದು 2009ರದು. ಹದಿನೈದು ವರ್ಷ ತುಂಬಿದ ಮೇಲೆ ನೋಂದಣಿಯನ್ನು ನವೀಕರಿಸಿಕೊಂಡು ಇಟ್ಟುಕೊಂಡಿದ್ದೇವೆ. ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಗೆ ಹೋಗಿ, ಜಾಂಬೋಟಿಯ ಮಾರ್ಗವಾಗಿ ಮರಳುತ್ತಿದ್ದಾಗ ಒಂದು ಏರಿನಲ್ಲಿ ಎಂಜಿನ್ನು ಅಬ್ಬರಿಸಿತು, ಗಾಡಿ ಮಾತ್ರ ಮುಂದೆ ಸರಿಯಲೊಲ್ಲದು. ಸುಟ್ಟ ವಾಸನೆ ಒಳಗೆಲ್ಲ ತುಂಬಿತು. ಅಲ್ಲಲ್ಲಿ ನಿಂತು, ಆರಿಸಿಕೊಂಡು, ಕತ್ತಲಾದ ಮೇಲೆ ಮನೆ ಸೇರಿದೆವು. ನಮ್ಮ ಧರ್ಮಪತ್ನಿ ದಾರಿಯುದ್ದಕ್ಕೂ ಮಾತನಾಡಲಿಲ್ಲ.

ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಎಂಜಿನ್ನನ್ನೇ ಇಳಿಸಬೇಕೆಂದರು. ಹೇಳಿದ ಮೊತ್ತ ನಮ್ಮ ಒಂದು ತಿಂಗಳ ಪಿಂಚಣಿಗೆ ಸಮೀಪವಿತ್ತು. ಆ ರಾತ್ರಿ ಮಗ ಅಂದನು: “ಅಪ್ಪಾರ, ಎಂಜಿನ್ ಇಳಸೂದು ಬ್ಯಾಡ. ಗೇರ್‌ಬಾಕ್ಸ್ ಅಷ್ಟ ತಗದ್ರ ಕ್ಲಚ್ ಸಿಗತೈತಿ. ನಾನೂ ಎಂದೂ ಮಾಡಿಲ್ಲ. ಆದ್ರ ಮನ್ಯಾಗ ಮಾಡೂಣು.”

ಇಲ್ಲಿ ಒಂದು ಮಾತನ್ನು ಮುಚ್ಚಿಡಲಾಗದು. ನಾವು ಮಠದ ಪ್ರಸಾದನಿಲಯದಲ್ಲಿ ಉಂಡು, ಸಂಸ್ಕೃತ ಹಳಗನ್ನಡಗಳನ್ನು ಕಲಿತು ಬೆಳೆದವರು. ಮಗನೂ ಪಂಡಿತನಾಗಲೆಂಬ ಹಂಬಲವಿತ್ತು. ಅವನು ಐಟಿಐ ಸೇರಿದ, ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಲೇತು ಹಿಡಿದ. ಯಾರಾದರೂ ವಿಚಾರಿಸಿದರೆ “ಕಂಪನಿಯಲ್ಲಿದ್ದಾನೆ” ಎಂದು ಮಾತು ಮುಗಿಸುತ್ತಿದ್ದೆವು. ಮಾದಾರ ಚೆನ್ನಯ್ಯ, ನುಲಿಯ ಚಂದಯ್ಯನವರ ಕಾಯಕವನ್ನು ನಲವತ್ತು ವರ್ಷ ವೇದಿಕೆಗಳಲ್ಲಿ ಕೊಂಡಾಡಿದ ನಾಲಿಗೆಯೇ ಹಾಗೆ ಮುಗಿಸುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ಅವನು ದುಡಿಯುವ ಜಾಗವನ್ನು ಒಮ್ಮೆಯೂ ನೋಡಲು ಹೋದವರಲ್ಲ.

ಶನಿವಾರ ಬೆಳಿಗ್ಗೆ ಕೆಲಸ ಆರಂಭವಾಯಿತು. ಗಾಡಿಯನ್ನೆತ್ತಿ ಅಡಿಗೆ ಸಿಮೆಂಟಿನ ಇಟ್ಟಿಗೆ ಇಡೋಣವೆಂದರೆ ಮಗ ಒಪ್ಪಲಿಲ್ಲ. ಅವು ಭಾರಕ್ಕೆ ಒಮ್ಮೆಲೇ ಸೀಳಿಬಿಡುತ್ತವೆಯಂತೆ. ಬರಿಯ ಜ್ಯಾಕನ್ನೂ ನಂಬಲಿಲ್ಲ. ಕಬ್ಬಿಣದ ಸ್ಟ್ಯಾಂಡುಗಳನ್ನು ತಂದು ಕೊಟ್ಟು, ಗಾಡಿಯನ್ನು ಕೈಯಿಂದ ಅಲುಗಿಸಿ ನೋಡಿದ ಮೇಲೆಯೇ ಅಡಿಗೆ ಇಳಿದನು. ಬ್ಯಾಟರಿಯ ತಂತಿ ಬಿಡಿಸಿ, ಗೇರ್ ಎಣ್ಣೆ ಇಳಿಸಿ, ಸ್ಟಾರ್ಟರು, ಕ್ಲಚ್ ಕೇಬಲ್ಲು, ಚಕ್ರಗಳಿಗೆ ಹೋಗುವ ಎರಡು ಶಾಫ್ಟು ತೆಗೆಯುವಷ್ಟರಲ್ಲಿ ಮಧ್ಯಾಹ್ನ. “ಅಪ್ಪಾರ, ಹದಿನಾಕರ ಪಾನಾ ಕೊಡ್ರಿ” ಎಂದರೆ ನಾವು ಹನ್ನೆರಡರದನ್ನು ಕೊಡುತ್ತಿದ್ದೆವು. ಪಾಣಿನಿಯ ಸೂತ್ರಗಳನ್ನು ಬಾಯಲ್ಲಿಟ್ಟುಕೊಂಡವರಿಗೆ ಪಾನಾದ ಮೇಲಿನ ಅಂಕಿ ಕನ್ನಡಕವಿಲ್ಲದೆ ಕಾಣದು. ಎಂಜಿನ್ನು ಜೋಲದಂತೆ ಅಡ್ಡ ತೊಲೆಗೆ ಹಗ್ಗ ಕಟ್ಟಿ, ಸಂಜೆಗೆ ಗೇರ್‌ಬಾಕ್ಸನ್ನು ಇಬ್ಬರೂ ಕೂಡಿ ಇಳಿಸಿದೆವು.

ಒಳಗಿನ ಯಂತ್ರ ನಮಗೆ ಅಂದೇ ಅರ್ಥವಾದದ್ದು. ಎಂಜಿನ್ನಿನೊಡನೆ ತಿರುಗುವ ಫ್ಲೈವ್ಹೀಲಿಗೂ ಪ್ರೆಶರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಅಮುಕಿಕೊಂಡಿರುತ್ತದೆ. ಆ ಹಿಡಿತದಿಂದಲೇ ಶಕ್ತಿ ಗೇರಿಗೆ ದಾಟುತ್ತದೆ. ಪೆಡಲು ಒತ್ತಿದರೆ ಒಂದು ಬೇರಿಂಗು ಸ್ಪ್ರಿಂಗಿನ ಎಸಳುಗಳನ್ನು ತಳ್ಳಿ ಹಿಡಿತ ಸಡಿಲಿಸುತ್ತದೆ. ನಮ್ಮ ಪ್ಲೇಟು ಸವೆದು ರಿವೆಟ್ಟಿನ ತಲೆಗಳು ಹೊರಬಿದ್ದಿದ್ದವು. ಕಾವಿಗೆ ಫ್ಲೈವ್ಹೀಲು ಅಲ್ಲಲ್ಲಿ ನೀಲಿಗಟ್ಟಿತ್ತು. ಧೂಳನ್ನು ನಾವು ಊದಹೋದಾಗ ಮಗ ಕೈ ಅಡ್ಡ ಹಿಡಿದನು. ಹಳೆಯ ಪ್ಲೇಟುಗಳಲ್ಲಿ ಕಲ್ನಾರು ಇರುತ್ತಿತ್ತು, ಶ್ವಾಸಕೋಶಕ್ಕೆ ವಿಷ, ಒದ್ದೆ ಬಟ್ಟೆಯಿಂದಲೇ ಒರೆಸಬೇಕು ಎಂದನು. ಆಮೇಲೆ ಆ ಪ್ಲೇಟನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಅಂದನು: “ಅಪ್ಪಾರ, ತಪ್ಪು ತಿಳೀಬ್ಯಾಡ್ರಿ. ನೀವು ಸದಾ ಪೆಡಲ್ ಮ್ಯಾಲ ಕಾಲ ಇಟ್ಟ ಹೊಡೀತೀರಿ.” ಉತ್ತರವಿರಲಿಲ್ಲ.

ಭಾನುವಾರ ಹೊಸ ಪ್ಲೇಟನ್ನು ಮುಟ್ಟುವ ಮುನ್ನ ನಮ್ಮ ಕೈ ತೊಳೆಸಿದನು. ಜಿಡ್ಡು ತಾಗಿದರೆ ಹಿಡಿತ ಹೋಗುತ್ತದೆ. ಲಿಂಗಪೂಜೆಗೆ ಕೂಡ್ರುವಾಗಲೂ ನಾವು ಅಷ್ಟು ತಿಕ್ಕಿ ತೊಳೆದಿರಲಿಲ್ಲ. ಪ್ಲೇಟು ಸರಿಯಾಗಿ ನಡುಮಧ್ಯಕ್ಕೆ ಕೂಡದಿದ್ದರೆ ಗೇರ್‌ಬಾಕ್ಸಿನ ಶಾಫ್ಟು ಒಳಹೋಗದು. ಅದಕ್ಕೆಂದು ಅವನು ಶುಕ್ರವಾರ ಪಾಳಿ ಮುಗಿದ ಮೇಲೆ ನಿಂತು, ಲೇತಿನಲ್ಲಿ ಒಂದು ದುಂಡು ಸರಳನ್ನು ಎರಡು ಅಳತೆಗೆ ಕಡೆದು ತಂದಿದ್ದನು. ತುದಿ ಫ್ಲೈವ್ಹೀಲಿನ ನಡುತೂತಿಗೆ, ಬುಡ ಪ್ಲೇಟಿಗೆ. ಅದನ್ನು ಅಂಗೈಯಲ್ಲಿ ಹಿಡಿದು ನೋಡಿದೆವು. ಮೈಯೆಲ್ಲ ಕನ್ನಡಿಯಂತೆ ನುಣುಪು, ಅಂಚಿನಲ್ಲಿ ಒಂದು ಗೆರೆ ಒರಟಿಲ್ಲ. ತೂರಿಸಿದರೆ ಅಲುಗದೆ ಕುಳಿತಿತು. ಇವನು ದಿನವೂ ಮಾಡುವುದು ಇಂಥದ್ದೆಂದು ನಮಗೆ ತಿಳಿದೇ ಇರಲಿಲ್ಲ.

ಗೇರ್‌ಬಾಕ್ಸನ್ನು ಮರಳಿ ಏರಿಸಿದಾಗ ಒಂದು ಬೆರಳಿನಷ್ಟು ಸಂದು ಉಳಿಯಿತು. ಒಂದು ತಾಸು ಹೆಣಗಿದರೂ ಕೂಡಲೊಲ್ಲದು. ನಮ್ಮ ತೋಳು ನಡುಗುತ್ತಿತ್ತು. “ತಮ್ಮಾ, ಬೋಲ್ಟ್ ಬಿಗಿ ಮಾಡು, ತಾನೇ ಕೂಡತದ” ಎಂದು ಗದರಿದೆವು. “ಇಲ್ರಿ ಅಪ್ಪಾರ, ಜಗ್ಗಿದ್ರ ಮೈನ ಒಡೀತೈತಿ. ನೀವು ಆ ಪುಲ್ಲಿಗೆ ಪಾನಾ ಹಚ್ಚಿ ಎಂಜಿನ್ ಸ್ವಲ್ಪ ತಿರುವ್ರಿ. ಸಾವಕಾಶ.” ತಿರುವಿದೆವು. ಹಲ್ಲಿಗೆ ಹಲ್ಲು ಸಂಧಿಸಿ ಟಕ್ಕೆಂದು ಒಳಗೆ ಜಾರಿತು. ಅವ್ವ ಚಹಾ ತಂದಿಟ್ಟು, ನಮ್ಮಿಬ್ಬರ ಮುಖದ ಮಸಿ ನೋಡಿ ಒಳಗೆ ಹೋಗಿ ನಕ್ಕಳೆಂದು ಮಗ ಹೇಳಿದನು.

ಎಣ್ಣೆ ತುಂಬಿ, ಪೆಡಲಿನ ಸಡಿಲು ಹೊಂದಿಸುವಾಗ ದೀಪ ಹಚ್ಚುವ ಹೊತ್ತಾಗಿತ್ತು.

ಸೋಮವಾರ ಬೆಳಿಗ್ಗೆ ಅವನು ಬೈಕಿನ ಕೀಲಿ ಎತ್ತಿಕೊಂಡಾಗ, ನಾವೇ ಬಿಟ್ಟುಬರುತ್ತೇವೆಂದೆವು. ನಗರ ದಾಟಿ ಖಾನಾಪುರ ರಸ್ತೆ ಹಿಡಿದೆವು. ಮೂರನೆಯ ರೈಲ್ವೆ ಗೇಟಿನ ಬಳಿಯ ಮೇಲ್ಸೇತುವೆಯ ಏರನ್ನು ಗಾಡಿ ಸಲೀಸಾಗಿ ಹತ್ತಿತು. ಕಾರ್ಖಾನೆಯ ಬಾಗಿಲಲ್ಲಿ ನಿಂತಿದ್ದ ಅವನ ಜೊತೆಗಾರರು “ಅಪ್ಪಾರು ಬಂದಾರ” ಎಂದು ಕೈ ಮುಗಿದರು. ಒಳಗೆ ಬಂದು ಯಂತ್ರ ನೋಡಬಹುದೇ ಎಂದು ಕೇಳಿದೆವು. ಮಗ ಇಳಿಯದೆ ಕೆಳಗೆ ನೋಡುತ್ತ ಅಂದನು:

“ನೋಡೂಣು ಬರ್ರಿ. ಮದಲ ಪೆಡಲ್ ಮ್ಯಾಲಿಂದ ಕಾಲ ತಗೀರಿ.”